ಓಡಿದ ಇಲಿ ಗೂಡಿಗಿಲ್ಲ

ಹುಟ್ಟಿ ಒಂದೆರಡು ದಿನವಾದ ಬಿಳಿ ಇಲಿಮರಿಯನ್ನು ಅಂಗೈಯಲ್ಲಿ ಮಲಗಿಸಿ ನೋಡಿದರೆ ಅದರ ಹೊಟ್ಟೆಯೊಳಗಿನ ಹಾಲು ಹೊರಗೆ ಕಾಣುತ್ತದೆ. ಚರ್ಮ ಅಷ್ಟು ತೆಳು. ಎಡಬದಿಯಲ್ಲಿ, ಪಕ್ಕೆಲುಬಿನ ಕೆಳಗೆ, ಅನ್ನದ ಅಗುಳಿನಷ್ಟು ಬಿಳಿ. ಆ ಬಿಳಿ ಇದ್ದರೆ ಮರಿ ಕುಡಿದಿದೆ, ಸದ್ಯಕ್ಕೆ ಬದುಕುತ್ತದೆ. ಇಲ್ಲದಿದ್ದರೆ ನಮಗಿಂತ ಮೊದಲು ಅದರ ತಾಯಿಗೆ ಗೊತ್ತಾಗುತ್ತದೆ. ತಾಯಿ ಆ ಮರಿಯನ್ನು ಮೂತಿಯಲ್ಲಿ ದೂಡಿ ಗೂಡಿನಿಂದ ಆಚೆ ಹಾಕುತ್ತದೆ. ನನ್ನ ಸರ್ವೀಸಿನ ಹೆಚ್ಚಿನ ವರ್ಷಗಳಲ್ಲಿ ಪ್ರತಿ ಬೆಳಿಗ್ಗೆ ನಾನು ಮಾಡಿದ ಕೆಲಸ ಇದು, ಇಲಿಮರಿಗಳ ಹೊಟ್ಟೆ ನೋಡುವುದು.

ಈಗ ಲ್ಯಾಬಿಗೆ ಸೇರುವ ಮಕ್ಕಳು ಯಂತ್ರದ ಮುಂದೆ ಕೂತು ಒಂದು ಮಧ್ಯಾಹ್ನದಲ್ಲಿ ಹೇಳುವ ಸಂಗತಿಯನ್ನು ನಾವು ವಾರಗಟ್ಟಲೆ ಕಾದು ಹೇಳುತ್ತಿದ್ದೆವು. ಆಗ ಹೇಗೆ ಮಾಡ್ತಿದ್ರಿ ಅಂತ ಕೆಲವರು ಕೇಳುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ನಾನು ಎಂಟನೇ ಕ್ಲಾಸು ಮುಗಿಸಿದವನಲ್ಲ. ಭಾಷೆಯಲ್ಲಿ ತಪ್ಪಿದ್ದರೆ ಓದಿದವರು ತಿದ್ದಿಕೊಳ್ಳಿ. ಇಲಿಗಳ ವಿಷಯದಲ್ಲಿ ತಿದ್ದಲಿಕ್ಕೆ ಬರಬೇಡಿ.

ನಮ್ಮದು ವಾಮಂಜೂರು, ಗುತ್ತಿನ ಮನೆ, ಅಂದರೆ ಊರಿನ ಯಜಮಾನಿಕೆಯ ಮನೆ. ಮನೆಗೆ ಒಂದು ಕಾಲದಲ್ಲಿ ಸಾಕಷ್ಟು ಗದ್ದೆ ಇತ್ತು, ಎಲ್ಲಾ ಗೇಣಿಗೆ ಬಿಟ್ಟದ್ದು. ಭೂಮಸೂದೆ ಬಂತು, ಗದ್ದೆ ಉಳುವವರಿಗೆ ಹೋಯಿತು. ಉಳಿದದ್ದು ದೊಡ್ಡ ಚಾವಡಿ ಮತ್ತು ಅದಕ್ಕಿಂತ ದೊಡ್ಡ ಮಾತು. ಬಲ್ಮಠದ ಹತ್ತಿರ ಒಂದು ಸರ್ಕಾರಿ ಲ್ಯಾಬಿನಲ್ಲಿ ಪ್ರಾಣಿ ಮನೆಯ ಅಟೆಂಡರ್ ಬೇಕಂತೆ ಅಂತ ಯಾರೋ ಹೇಳಿದರು. ಹೋದೆ, ಸಿಕ್ಕಿತು. ಮಾವ, ಅಂದರೆ ಅಮ್ಮನ ಅಣ್ಣ, ಆ ದಿನ ಊಟಕ್ಕೆ ಕೂತವರು ಕೈ ತೊಳೆದು ಎದ್ದರು.

“ಗುತ್ತಿನ ಮನೆಯವ ಇಲಿ ಸಾಕ್ಲಿಕ್ಕೆ ಹೋಗುವುದಾ? ನಾಳೆ ಜನ ಎಂತ ಹೇಳ್ಬೇಕು?”

“ಕೋಳಿ ಸಾಕಿದ್ರೆ ಮರ್ಯಾದೆ, ಇಲಿ ಸಾಕಿದ್ರೆ ಇಲ್ವಾ ಮಾವ? ಅಂಕದಲ್ಲಿ ಕಾದಾಡ್ಲಿಕ್ಕೆ ಬಿಡುವ ಕೋಳಿಗೆ ನೀವು ಬಾದಾಮಿ ತಿನ್ನಿಸ್ತೀರಿ.”

ಅಮ್ಮ ಬಾಗಿಲ ಮರೆಯಲ್ಲಿ ನಕ್ಕದ್ದು ನನಗೆ ಕೇಳಿಸಿತು. ಮಾವ ಎರಡು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ.

ಕೆಲಸ ಏನೆಂದು ಹೇಳುತ್ತೇನೆ. ಸೊಳ್ಳೆಯಿಂದ ಬರುವ ಮೆದುಳು ಜ್ವರ, ಕಾಡಿನ ಉಣುಗಿನಿಂದ ಬರುವ ಮಂಗನ ಕಾಯಿಲೆ, ಇಂಥ ಜ್ವರದ ಸಂಶಯ ಇದ್ದವರ ರಕ್ತ ಐಸ್ ತುಂಬಿದ ಫ್ಲಾಸ್ಕಿನಲ್ಲಿ ಆಸ್ಪತ್ರೆಗಳಿಂದ ನಮ್ಮಲ್ಲಿಗೆ ಬರುತ್ತಿತ್ತು. ರಕ್ತದಲ್ಲಿ ವೈರಸ್ ಉಂಟಾ ಇಲ್ಲವಾ ಅಂತ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಆ ರಕ್ತವನ್ನು ಒಂದು ಹನಿಗಿಂತ ಕಡಿಮೆ ತೆಗೆದು ಹಸಿ ಇಲಿಮರಿಗಳ ತಲೆಗೆ ಚುಚ್ಚಬೇಕು. ಒಬ್ಬ ರೋಗಿಗೆ ಒಂದು ತಾಯಿಯ ಒಂದು ಸೂಲಿನ ಮರಿಗಳು. ವೈರಸ್ ಇದ್ದರೆ ಐದಾರು ದಿನದಲ್ಲಿ ಮರಿಗಳು ಹಾಲು ಬಿಡುತ್ತವೆ, ನಡುಗುತ್ತವೆ, ಸಾಯುತ್ತವೆ. ಇಲ್ಲದಿದ್ದರೆ ಬೆಳೆಯುತ್ತವೆ. ಮರಿ ಸತ್ತರೆ ಮನುಷ್ಯನಿಗೆ ಕಾಯಿಲೆ, ಬದುಕಿದರೆ ಇಲ್ಲ. ಅಷ್ಟೇ ನಮ್ಮ ಜ್ಯೋತಿಷ್ಯ.

ಚುಚ್ಚುತ್ತಿದ್ದವರು ಡಾಕ್ಟರ್ ಭಟ್ಟರು. ದೇವಸ್ಥಾನದ ಅರ್ಚಕರ ಮನೆಯವರು, ನನಗಿಂತ ನಾಲ್ಕಾರು ವರ್ಷ ದೊಡ್ಡವರು, ಲ್ಯಾಬಿನ ಮುಖ್ಯಸ್ಥರು. ಸಂಜೆ ಮನೆಗೆ ಹೋದರೆ ಬಾವಿಕಟ್ಟೆಯಲ್ಲಿ ಸ್ನಾನ ಮಾಡದೆ ಅವರ ತಾಯಿ ಅವರನ್ನು ಒಳಗೆ ಬಿಡುತ್ತಿರಲಿಲ್ಲವಂತೆ. “ಅಪ್ಪ ಬಲಿಕಲ್ಲಿಗೆ ಅನ್ನ ಹಾಕ್ತಾರೆ, ನಾನು ಇಲಿ ಹಾಕ್ತೇನೆ” ಅನ್ನುತ್ತಿದ್ದರು. ಆದರೆ ಸೂಜಿ ಹಿಡಿದಾಗ ತಮಾಷೆ ಇಲ್ಲ. ಇಲಿಮರಿಯ ತಲೆಬುರುಡೆ ಉಗುರಿಗಿಂತ ತೆಳು. ಅವರ ಕೈಯಲ್ಲಿ ಚುಚ್ಚಿದ ಮರಿ ಚುಚ್ಚಿದ ಕಾರಣಕ್ಕೆ ಸತ್ತದ್ದು ನಾನು ನೋಡಿದ್ದು ಬಹಳ ಕಡಿಮೆ.

ಪ್ರಾಣಿ ಮನೆಗೆ ಕಾನೂನು ಸುಮಾರು ಇತ್ತು. ಒಂದನ್ನು ಮಾತ್ರ ಬಾಗಿಲ ಒಳಬದಿಗೆ ಬಣ್ಣದಲ್ಲಿ ಬರೆದಿದ್ದರು, ನನಗಿಂತ ಹಿಂದಿನವರು ಯಾರೋ: ಓಡಿದ ಇಲಿ ಗೂಡಿಗಿಲ್ಲ. ಗೂಡು ಸ್ವಚ್ಛ ಮಾಡುವಾಗ ಹಾರಿ ನೆಲಕ್ಕೆ ಬಿದ್ದ ಇಲಿಯನ್ನು ಹಿಡಿದರೆ ತಿರುಗಿ ಒಳಗೆ ಹಾಕಬಾರದು. ಈಥರ್ ಜಾಡಿಗೆ ಹಾಕಿ ಕೊಲ್ಲಬೇಕು. ಹೊರಗಿನ ಹೇನು, ಹೊರಗಿನ ರೋಗ ಒಳಗೆ ಬರಬಾರದು ಅಂತ. ನಮಗೆ ಗೊತ್ತಿದ್ದ ಕಾರಣ ಅಷ್ಟೇ.

ಇನ್ನು ಸಂಜೀವ. ಅವನ ಬಗ್ಗೆಯೇ ಇದನ್ನು ಬರೆಯುವುದು.

ಸಂಜೀವ ಕೂಳೂರಿನವ, ಹೊಳೆ ಬದಿಯ ಮನೆ. ಮೊದಲು ಹಂಚಿನ ಕಾರ್ಖಾನೆಯಲ್ಲಿ ಪ್ರೆಸ್ಸಿನ ಹತ್ತಿರ ಕೆಲಸ ಮಾಡುತ್ತಿದ್ದ. ಕಾರ್ಖಾನೆ ಮುಚ್ಚಿದ ಮೇಲೆ ನಮ್ಮಲ್ಲಿ ಉಣುಗು ಹಿಡಿಯುವ ಕೆಲಸಕ್ಕೆ ಸೇರಿದ. ಘಟ್ಟದ ಬುಡದ ಕಾಡಿನಲ್ಲಿ ಮಂಗ ಸತ್ತ ಸುದ್ದಿ ಬಂದರೆ ಅಲ್ಲಿಗೆ ಹೋಗಬೇಕು. ಬಿಳಿ ಉಣ್ಣೆಬಟ್ಟೆಯ ತುಂಡನ್ನು ತರಗೆಲೆಯ ಮೇಲೆ ಎಳೆದುಕೊಂಡು ಹೋದರೆ ಸಾಸಿವೆಯಷ್ಟು ಸಣ್ಣ ಉಣುಗುಗಳು ಬಟ್ಟೆಗೆ ಹತ್ತುತ್ತವೆ. ಅದನ್ನು ಚಿಮಟದಲ್ಲಿ ಹೆಕ್ಕಿ ಟ್ಯೂಬಿಗೆ ಹಾಕಿ ತರುವುದು. ಪ್ಯಾಂಟನ್ನು ಕಾಲುಚೀಲದ ಒಳಗೆ ತುರುಕಿ, ಮೈಗೆ ವಾಸನೆಯ ಎಣ್ಣೆ ಹಚ್ಚಿಕೊಂಡು ಹೊರಟರೆ ಸಂಜೀವ ಹೇಳುತ್ತಿದ್ದ, “ಶೆಟ್ರೇ, ಮದುವೆಗೂ ನಾನು ಇಷ್ಟು ಅಲಂಕಾರ ಮಾಡಿದವ ಅಲ್ಲ.”

ಒಂದು ದಿನ ಚಹಾದ ಹೊತ್ತಿಗೆ ಅವನೇ ಡಾಕ್ಟರನ್ನು ಕೇಳಿದ.

“ಡಾಕ್ಟ್ರೇ, ಒಂದೇ ಕಾಡಿಗೆ ಹೋದ ಇಬ್ಬರಿಗೆ ಜ್ವರ ಬರ್ತದೆ. ಒಬ್ಬ ಸಾಯ್ತಾನೆ, ಇನ್ನೊಬ್ಬ ಎದ್ದು ಗಂಜಿ ಕುಡಿತಾನೆ. ಔಷಧ ಇಬ್ಬರಿಗೂ ಇಲ್ಲ. ಹಾಗಾದ್ರೆ ಬದುಕಿದವನನ್ನು ಬದುಕಿಸಿದ್ದು ಯಾರು?”

“ಅವನ ಮೈಯೇ ಮಾರಾಯ. ವೈರಸ್ಸಿಗೆ ಸ್ವಂತ ಕೈಕಾಲು ಇಲ್ಲ. ನಮ್ಮ ಜೀವಕೋಶದ ಒಳಗೆ ಹೊಕ್ಕು, ಅಲ್ಲಿಯ ಸಾಮಾನಿನಲ್ಲೇ ತನ್ನಂಥದ್ದು ಸಾವಿರ ಮಾಡಿಸ್ತದೆ.”

“ಅಂದ್ರೆ ನಮ್ಮ ಹಂಚಿನ ಕಾರ್ಖಾನೆಗೆ ಬೇರೆ ಯಾವನೋ ಹೊಕ್ಕು ಅವನ ಅಚ್ಚು ಇಟ್ಟ ಹಾಗೆ. ಮಣ್ಣು ನಮ್ಮದು, ಪ್ರೆಸ್ಸು ನಮ್ಮದು, ಹಂಚು ಅವನದ್ದು.”

ಡಾಕ್ಟರಿಗೆ ಖುಷಿಯಾಯಿತು. “ಹಾಗೇ! ಆ ಕಾರ್ಖಾನೆ ಹೋಯಿತು ಅಂತಲೇ ಇಟ್ಟುಕೋ. ಆದ್ರೆ ಹೋಗುವ ಮೊದಲು ಅದು ಒಂದು ಪ್ರೋಟೀನ್ ಹೊರಗೆ ಬಿಡ್ತದೆ, ಇಂಟರ್‌ಫೆರಾನ್ ಅಂತ ಅದರ ಹೆಸರು. ಅದು ವೈರಸ್ಸನ್ನು ಮುಟ್ಟುವುದೇ ಇಲ್ಲ. ನೆರೆಯ ಕೋಶಗಳಿಗೆ ಸುದ್ದಿ ಮುಟ್ಟಿಸ್ತದೆ.”

“ಕೂಗು!” ಅಂದ ಸಂಜೀವ. “ನಮ್ಮ ಕಾರ್ಖಾನೆಯ ಸೈರನ್ನಿನ ಕೂಗು ಹೊಳೆಯ ಆಚೆಗೂ ಕೇಳ್ತಿತ್ತು.”

“ಆ ಕೂಗು ಕೇಳಿದ ಕೋಶದಲ್ಲಿ ಬೇರೆ ಪ್ರೋಟೀನ್‌ಗಳು ಎದ್ದು ಕಾದು ಕೂತಿರ್ತವೆ. ವೈರಸ್ ಒಳಗೆ ಬಂದು ಅಚ್ಚು ಇಟ್ಟ ಕೂಡ್ಲೆ ಒಂದು ಪ್ರೋಟೀನ್ ಪ್ರೆಸ್ಸನ್ನೇ ನಿಲ್ಲಿಸ್ತದೆ. ನಮ್ಮ ಹಂಚೂ ಬೇಡ, ಅವನದ್ದೂ ಬೇಡ ಅಂತ. ಇನ್ನೊಂದು ಅವನ ಅಚ್ಚನ್ನು ಚೂರುಚೂರು ಮಾಡ್ತದೆ. ಹೀಗೆ ಒಂದೊಂದು ಕೋಶದ ಒಳಗೂ ಜಗಳ. ಜ್ವರ, ಮೈಕೈ ನೋವು ಎಲ್ಲ ಹೆಚ್ಚಿನಂಶ ಆ ಕೂಗಿನದ್ದೇ.”

“ಮತ್ತೆ ಕೂಗು ಹಾಕಿದ ಕಾರ್ಖಾನೆ?”

“ಅದು ಹೆಚ್ಚಾಗಿ ಉಳಿಯುವುದಿಲ್ಲ.”

ಸಂಜೀವ ಲೋಟ ಕೆಳಗಿಟ್ಟ. “ಪಾಪ” ಅಂದ.

ಎಂಬತ್ತರ ದಶಕ ಶುರುವಾದ ಹೊಸತರಲ್ಲಿ ಒಂದು ಮಳೆಗಾಲ ನಮ್ಮ ಇಲಿಗಳಿಗೇ ರೋಗ ಬಂತು. ಕಾಲು ಬಾತು, ಬಾಲ ಉದುರಿ ಸಾಯತೊಡಗಿದವು. ಒಂದು ಕೋಣೆಯ ಇಲಿ ಪೂರ್ತಿ ಕೊಂದು ಸುಡಬೇಕಾಯಿತು. ಹಿತ್ತಿಲಿನ ಒಲೆಯಲ್ಲಿ ನಾನೇ ಸುಟ್ಟೆ. ಆ ವಾಸನೆ ಅಂಗಿಯಿಂದ ಹೋದರೂ ಮೂಗಿನಿಂದ ಹೋಗಲಿಲ್ಲ. ಉಳಿದ ಒಂದೇ ಕೋಣೆಯ ಇಲಿಗಳಿಂದ ಮತ್ತೆ ಸಂತಾನ ಬೆಳೆಸಬೇಕು. ಇನ್ನೊಂದು ಬದಿಯಲ್ಲಿ, ಮಳೆ ಬಿಟ್ಟ ಮೇಲೆ, ಕಾಡಿನ ಕಡೆಯಿಂದ ಮಂಗಗಳು ಸಾಯುವ ಸುದ್ದಿ ಬರತೊಡಗಿತು. ಫ್ಲಾಸ್ಕುಗಳು ಬರುತ್ತಿದ್ದವು, ಮರಿಗಳು ಇರಲಿಲ್ಲ.

ಅಂಥ ಸಮಯದಲ್ಲಿ ಒಂದು ಹೆಣ್ಣಿಲಿ ಹಾರಿತು. ಗೋಡೆಯ ಬದಿ ಹಿಡಿದು ಓಡಿ ಎಲ್ಲೋ ಸೇರಿತು. ಎಷ್ಟು ಹುಡುಕಿದರೂ ಇಲ್ಲ. ಕೆಲವು ದಿನ ಕಳೆದು ಸಂಜೀವ ಕಡಲೆ ಗೋಣಿ ಎತ್ತಿಕೊಡಲಿಕ್ಕೆ ಬಂದವ ಗೋಣಿಯ ಅಡಿಯಿಂದ ಅದನ್ನು ಹಿಡಿದ. ಉಣುಗು ಹೆಕ್ಕುವ ಕೈ ಅದು, ತಪ್ಪಲಿಕ್ಕೆ ಬಿಡುವುದಿಲ್ಲ.

“ಶೆಟ್ರೇ, ನಿಮ್ಮ ಮನೆ ಬಿಟ್ಟು ಹೋದ ಸೊಸೆ ಸಿಕ್ಕಿದ್ಲು.”

ನಾನು ಈಥರ್ ಜಾಡಿ ತೆಗೆದೆ.

“ಎಂತ ಮಾರಾಯ್ರೆ, ನೋಡಿ ಎಷ್ಟು ಚಂದ ಉಂಟು. ಮರಿ ಇಲ್ಲ ಮರಿ ಇಲ್ಲ ಅಂತ ದಿನಾ ಬೊಬ್ಬೆ ಹಾಕ್ತೀರಿ, ಇದ್ದದ್ದನ್ನು ಕೊಲ್ತೀರಿ.”

ಡಾಕ್ಟರ್ ಅದೇ ಹೊತ್ತಿಗೆ ಒಳಗೆ ಬಂದರು. ನಾನು ಬಾಗಿಲ ಬರಹ ತೋರಿಸಿದೆ. ಅವರು ಇಲಿಯನ್ನು ತಿರುವಿ ಮುರುವಿ ನೋಡಿದರು. ಹೇನಿಲ್ಲ, ಗಾಯ ಇಲ್ಲ. “ಈಗ ಒಂದೊಂದು ಹೆಣ್ಣೂ ಬೇಕು ಶೆಟ್ರೇ. ಈ ಸಲಕ್ಕೆ ಹಾಕಿ ಒಳಗೆ” ಅಂದರು. ಹಾಕಿದೆ. ಗಂಡಿಲಿ ಇದ್ದ ಗೂಡಿಗೇ ಹಾಕಿದೆ. ಮೂರು ವಾರದ ಹತ್ತಿರ ಅದಕ್ಕೆ ಮರಿಯಾಯಿತು. ಗುಲಾಬಿ ಬಣ್ಣದ, ಕಣ್ಣು ಬಿಡದ, ಎಲ್ಲಾ ಮರಿಗಳ ಹಾಗೆಯೇ ಇದ್ದ ಮರಿಗಳು.

ಆ ಹೊತ್ತಿಗೆ ಸಂಜೀವ ಕಾಡಿನಿಂದ ಬಂದು ಜ್ವರದಲ್ಲಿ ಮಲಗಿದ್ದ.

ಕಣ್ಣು ಕೆಂಡ, ತಲೆ ಒಡೆಯುವ ನೋವು. ಆಸ್ಪತ್ರೆಯ ಮಂಚದಲ್ಲಿ ಅವನನ್ನು ನೋಡಲು ಹೋದಾಗ ಹೆಂಡತಿ ಸುಮತಿ ಒದ್ದೆ ಬಟ್ಟೆ ಹಣೆಗೆ ಇಡುತ್ತಿದ್ದಳು. ನನ್ನನ್ನು ಕಂಡು ಅವನು ನಗಲಿಕ್ಕೆ ನೋಡಿದ.

“ಕೂಗು ಹಾಕ್ತಾ ಉಂಟು ಶೆಟ್ರೇ. ಇಡೀ ಮೈ ಕೂಗು.”

“ಒಳ್ಳೇದು. ಕೂಗಲಿ” ಅಂದೆ. 

ಸುಮತಿ ನನ್ನನ್ನು ವರಾಂಡಕ್ಕೆ ಕರೆದಳು. “ಅಣ್ಣಾ, ಇದು ಅದೇನಾ? ಮಂಗನದ್ದು?” ನಾನು ಹೇಳಿದೆ, ರಕ್ತ ಬಂದಿದೆ, ಮರಿಗಳಿಗೆ ಹಾಕಿದ್ದೇವೆ, ಮರಿಗಳೇ ಹೇಳಬೇಕು ಅಂತ. ಹೊಟ್ಟೆಯಲ್ಲಿ ಹಾಲು ಕಾಣುವ ವಿಷಯವನ್ನೂ ಹೇಳಿದೆ. ಅವಳಿಗೆ ಅದು ಅರ್ಥವಾಯಿತು. ಮರುದಿನದಿಂದ ಅವಳ ಪ್ರಶ್ನೆ ಒಂದೇ. “ಹಾಲು ಉಂಟಾ?”

ಅವನ ರಕ್ತ ಬಂದ ದಿನ ನಮ್ಮಲ್ಲಿ ಹದವಾದ ಪ್ರಾಯದ ಮರಿಗಳಿದ್ದದ್ದು ಒಂದೇ ತಾಯಿಯದ್ದು, ಆ ಓಡಿದ ತಾಯಿಯದ್ದು. ಡಾಕ್ಟರ್ ಚುಚ್ಚಿದರು. ಚುಚ್ಚಿದ ಮರಿಗಳನ್ನು ಇಡುವ ಕೋಣೆ ಬೇರೆ, ಅದಕ್ಕೆ ಕಿಟಕಿ ಇಲ್ಲ, ಒಂದು ಮಂಕು ಬಲ್ಬು. ಅಲ್ಲಿ ಹೆಚ್ಚು ಹೊತ್ತು ನಿಲ್ಲುವ ಹಾಗಿಲ್ಲ, ಮರಿಗಳನ್ನು ಕೈಯಲ್ಲಿ ಎತ್ತುವ ಹಾಗಿಲ್ಲ. ಚಿಮಟದಲ್ಲಿ ಹತ್ತಿ ಸರಿಸಿ, ಬ್ಯಾಟರಿ ಲೈಟು ಬಿಟ್ಟು, ಹೊಟ್ಟೆ ನೋಡಿ ಹೊರಗೆ ಬರಬೇಕು.

ಹಾಲು ಇತ್ತು. ದಿನಾ ಇತ್ತು. ಐದಾರು ದಿನ ಕಳೆದರೂ ಇತ್ತು. ಮರಿಗಳ ಮೈ ಸ್ವಲ್ಪ ಮಸುಕಾಗಿತ್ತು ಅಂತ ಈಗ ನೆನಪು ಮಾಡಿದರೆ ಅನಿಸುತ್ತದೆ. ಆಗ ಬಲ್ಬು ಮಂಕು ಅಂದುಕೊಂಡೆ.

ವಾರ ಕಳೆದ ಮೇಲೆ ಆಸ್ಪತ್ರೆಯವರು ಕೇಳಿಕಳಿಸಿದರು, ಮಂಗನ ಕಾಯಿಲೆ ಹೌದಾ ಅಲ್ಲವಾ, ಮಂಚ ಖಾಲಿ ಬೇಕು ಅಂತ. ಸಂಜೀವನ ಜ್ವರವೂ ಇಳಿದಿತ್ತು. ಇನ್ನೂ ಒಂದು ವಾರ ಮರಿಗಳನ್ನು ನೋಡಬೇಕಾದದ್ದು ಕ್ರಮ. ಆದರೆ ಡಾಕ್ಟರಿಗೂ ಅವನು ನಮ್ಮವ. ಅವರ ಮುಖದಲ್ಲಿ ಅಷ್ಟು ಸಂತೋಷ ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. “ಇಷ್ಟು ದಿನ ಉಳಿದ ಮೇಲೆ ಇನ್ನೆಂತ? ಇಲ್ಲ ಅಂತ ಹೇಳುವ” ಅಂದರು. ಆಸ್ಪತ್ರೆಗೆ ಓಡಿದ್ದು ನಾನು.

“ಹೊಟ್ಟೆ ತುಂಬ ಹಾಲು ಉಂಟು ಸುಮತಿ! ಎಲ್ಲಾ ಮರಿಗಳಿಗೂ!”

ಅವಳು ಮೊದಲ ಸಲ ಗಂಡನ ಮಂಚದ ತುದಿಯಲ್ಲಿ ಕೂತಳು. ಅಷ್ಟು ದಿನ ನಿಂತೇ ಇದ್ದಳು. ಸಂಜೀವ ಹೇಳಿದ, “ನಾನು ಅವತ್ತು ಸೊಸೆಯನ್ನು ಉಳಿಸಿದೆ, ಇವತ್ತು ಅವಳ ಮಕ್ಕಳು ನನ್ನನ್ನು ಉಳಿಸಿದ್ವು.” ಮೂವರೂ ನಕ್ಕೆವು. ಆ ನಗು ನನಗೆ ಈಗಲೂ ಕೇಳಿಸುತ್ತದೆ.

ಅವನು ಮನೆಗೆ ಹೋದ ಎರಡು ಮೂರು ದಿನಕ್ಕೆ ನಾನು ಬೆಳಿಗ್ಗೆ ಆ ಕೋಣೆಗೆ ಹೋದೆ. ತಾಯಿ ಇಲಿ ನೀರು ಕುಡಿಯಲಿಕ್ಕೆ ಎದ್ದಿತ್ತು. ಲೈಟು ಬಿಟ್ಟೆ. ಮರಿಗಳಿಗೆ ಕೂದಲು ಬಂದಿತ್ತು.

ಬಿಳಿ ಅಲ್ಲ, ಕಂದು. ನಮ್ಮ ಮನೆಯ ಅಟ್ಟದಲ್ಲಿ ತೆಂಗಿನಕಾಯಿ ರಾಶಿಯ ಹಿಂದೆ ಓಡುವ ಇಲಿಯ ಬಣ್ಣ. ಒಂದೂ ಬಿಡದೆ ಎಲ್ಲವೂ.

ನಾನು ಡಾಕ್ಟರನ್ನು ಕರೆದೆ. ಅವರು ಲೈಟು ಕೈಗೆ ತೆಗೆದುಕೊಂಡು ನೋಡಿದರು, ಮತ್ತೆ ನೋಡಿದರು, ಹೊರಗೆ ಬಂದು ಸ್ಟೂಲಿನ ಮೇಲೆ ಕೂತರು.

“ಇವು ಆ ಓಡಿದ್ದರ ಮರಿಗಳಾ?”

“ಹೌದು.”

“ಹೊರಗಿದ್ದಾಗ ಮನೆ ಇಲಿ ಸಿಕ್ಕಿದೆ ಅದಕ್ಕೆ.”

“ಹೌದು ಡಾಕ್ಟ್ರೇ.”

ಡಾಕ್ಟರ್ ಕೈಯಲ್ಲಿದ್ದ ಲೈಟು ಆರಿಸಿದರು. “ಇದು ಹಳೇ ವಿಷಯ ಶೆಟ್ರೇ. ಹೊರಗಿನ ಕೆಲವು ಇಲಿಗಳಿಗೆ ಈ ಜಾತಿಯ ವೈರಸ್ ಕೊಟ್ಟರೂ ಸುಲಭದಲ್ಲಿ ಸಾಯುವುದಿಲ್ಲ. ಅಪ್ಪನಿಂದ ಮಕ್ಕಳಿಗೂ ಬರ್ತದೆ ಆ ಗುಣ. ಪರೀಕ್ಷೆಗೆ ಓದಿದ್ದೆ, ಬರೆದಿದ್ದೆ, ಮಾರ್ಕು ತೆಗೆದಿದ್ದೆ. ಆ ಬಾಗಿಲ ಮುಂದೆ ನಿಂತಾಗ ನೆನಪು ಬರಲಿಲ್ಲ.”

“ಅಂದ್ರೆ ಸಂಜೀವನಿಗೆ?”

“ಅಂದ್ರೆ ಮರಿಗಳು ಎಂತದೂ ಹೇಳಲೇ ಇಲ್ಲ ನಮಗೆ. ನಾವೇ ಹೇಳಿಸಿದ್ದು.”

ಸಂಜೀವನ ರಕ್ತ ಇನ್ನೂ ಸ್ವಲ್ಪ ಫ್ರೀಜರಿನಲ್ಲಿತ್ತು. ಆವತ್ತೇ ಒಂದು ಬಿಳಿ ತಾಯಿಯ ಮರಿಗಳಿಗೆ ಹಾಕಿದರು. ಕೂಡಲೇ ಡಾಕ್ಟರ ಸ್ಕೂಟರಿನಲ್ಲಿ ಇಬ್ಬರೂ ಕೂಳೂರಿಗೆ ಹೋದೆವು.

ಸಂಜೀವ ಸೊಂಟದ ಮಟ್ಟದ ನೀರಿನಲ್ಲಿ ನಿಂತು ದೋಣಿಯಿಂದ ಮರಳು ಇಳಿಸುತ್ತಿದ್ದ. ಸಂಬಳ ಬರುವವರೆಗೆ ಸುಮ್ಮನೆ ಯಾಕೆ ಕೂರುವುದು ಅಂತ. ಸುಮತಿ ಮೆಟ್ಟಿಲಲ್ಲಿ ಕೂತು ಬೂತಾಯಿ ಮೀನು ಶುದ್ಧ ಮಾಡುತ್ತಿದ್ದಳು. ಡಾಕ್ಟರ್ ದಡದಲ್ಲಿ ನಿಂತು ಕರೆದರು. ಅವನು ಮೈ ಒರೆಸುತ್ತಾ ಬಂದ.

“ಈ ಕಾಯಿಲೆ ಕೆಲವರಿಗೆ ಎರಡು ಸಲ ಬರ್ತದೆ ಸಂಜೀವ. ಮೊದಲ ಜ್ವರ ಬಿಟ್ಟು, ಆರಾಮ ಆದ ಹಾಗೆ ಕಂಡು, ಒಂದೆರಡು ವಾರದಲ್ಲಿ ಪುನಃ. ಎರಡನೇ ಸಲ ಮೆದುಳಿಗೆ. ಎಲ್ಲರಿಗೂ ಅಲ್ಲ. ಆದ್ರೆ ನೀನು ಈಗ ಮಲಗಬೇಕು. ನೀರಿಗೆ ಇಳಿಯಬಾರದು, ಭಾರ ಎತ್ತಬಾರದು.”

“ಇಲ್ಲ ಅಂತ ಹೇಳಿದ್ರಲ್ಲ ಡಾಕ್ಟ್ರೇ?”

ಡಾಕ್ಟರ್ ಕೂದಲಿನ ವಿಷಯ ಹೇಳಿದರು. ಸಂಜೀವ ಜೋರಾಗಿ ನಕ್ಕ. “ಇಲಿಗೆ ಕೂದಲು ಬಂದ್ರೆ ನಾನು ಮಲಗಬೇಕಾ?” ಸುಮತಿ ನಗಲಿಲ್ಲ. ಮೀನಿನ ಕೈ ಹಾಗೆಯೇ ಇಟ್ಟುಕೊಂಡು ನನ್ನನ್ನು ನೋಡಿದಳು.

“ಅಣ್ಣಾ, ನೀವಲ್ವಾ ಹೇಳಿದ್ದು, ಹಾಲು ಉಂಟು ಅಂತ?”

“ಹಾಲು ಇತ್ತು ಸುಮತಿ” ಅಂದೆ. ಇದ್ದದ್ದು ಹೌದಲ್ಲ.

ಸಂಜೀವ ಮಲಗಿದ. ಅವಳು ಮಲಗಿಸಿದಳು ಅನ್ನಬೇಕು. ಆ ವಾರ ನಾನು ಬಿಳಿ ಮರಿಗಳ ಹೊಟ್ಟೆಯನ್ನು ದಿನಕ್ಕೆ ಎರಡು ಸಲ ನೋಡಿದೆ. ಒಂದು ಬೆಳಿಗ್ಗೆ ಒಂದು ಮರಿಯ ಹೊಟ್ಟೆ ಖಾಲಿ. ತಾಯಿ ಅದನ್ನು ಹತ್ತಿಯಿಂದ ಆಚೆ ಹಾಕಿತ್ತು. ಸಂಜೆಗೆ ಇನ್ನೆರಡು. ಅದೇ ಸಂಜೆ ಕೂಳೂರಿನಿಂದ ಒಬ್ಬರು ಸೈಕಲ್ ತುಳಿದು ಬಂದು ಹೇಳಿದರು, ಸಂಜೀವನಿಗೆ ಪುನಃ ಜ್ವರ.

ಈ ಸಲ ಕುತ್ತಿಗೆ ಬಿಗಿದಿತ್ತು. ಕೈ ನಡುಗಿ ಲೋಟ ಹಿಡಿಯಲಿಕ್ಕೆ ಆಗುತ್ತಿರಲಿಲ್ಲ. ನನ್ನ ಗುರುತು ಸಿಗಲಿಲ್ಲ. ಹಳೆಯ ಕೆಲಸದ ನೆನಪೋ ಏನೋ, ಆಗಾಗ “ಪ್ರೆಸ್ ನಿಲ್ಸಿ, ಪ್ರೆಸ್ ನಿಲ್ಸಿ” ಅಂತ ಕೂಗುತ್ತಿದ್ದ. ವಾರ್ಡಿನವರಿಗೆ ಅದು ಬಡಬಡಿಕೆ. ಡಾಕ್ಟರ್ ಗೋಡೆಯ ಕಡೆ ಮುಖ ಮಾಡಿ ನಿಂತರು. ಕೊಡಲಿಕ್ಕೆ ಗ್ಲೂಕೋಸ್ ಮತ್ತು ಜ್ವರದ ಗುಳಿಗೆ ಬಿಟ್ಟರೆ ಏನೂ ಇರಲಿಲ್ಲ. ಅವನ ಮೈಯೇ ಮಾಡಬೇಕಾದ ಕೆಲಸ ಅದು. ಮೈ ಮಾಡಿತು, ಮಾಡಿ ಸೋತಿತು. ನಾಲ್ಕನೇ ದಿನ ಮಧ್ಯಾಹ್ನ ಸಂಜೀವ ತೀರಿಕೊಂಡ.

ಬೊಜ್ಜ, ಅಂದರೆ ನಮ್ಮ ಕಡೆಯ ಉತ್ತರಕ್ರಿಯೆ, ಮುಗಿದ ಮೇಲೆ ಸುಮತಿ ಲ್ಯಾಬಿಗೆ ಬಂದಳು. ಸಾಯದ ಇಲಿಗಳನ್ನು ನೋಡಬೇಕು ಅಂದಳು. ಡಾಕ್ಟರ್ ಬೇಡ ಅನ್ನಲಿಲ್ಲ. ಬಲೆಯ ಬಾಗಿಲಿನ ಈಚೆ ನಿಂತು ನೋಡಿದಳು. ಅವು ದೊಡ್ಡದಾಗಿದ್ದವು, ಒಂದರ ಮೇಲೊಂದು ಹತ್ತಿ ಆಡುತ್ತಿದ್ದವು.

“ನಮ್ಮ ಮನೆಯವರ ರಕ್ತವೇ ಅಲ್ವಾ ಇವಕ್ಕೂ ಹಾಕಿದ್ದು?”

“ಹೌದು” ಅಂದರು ಡಾಕ್ಟರ್.

“ಅವರಲ್ಲಿ ಇಲ್ಲದ್ದು ಇವುಗಳಲ್ಲಿ ಎಂತ ಉಂಟು?”

“ಅವನಲ್ಲೂ ಇತ್ತಮ್ಮ. ಎಲ್ಲರ ಮೈಯಲ್ಲೂ ಉಂಟು, ವೈರಸ್ಸನ್ನು ಕೋಶದ ಒಳಗೇ ತಡೆಯುವಂಥದ್ದು. ಮೊದಲ ಜ್ವರವನ್ನು ಇಳಿಸಿದ್ದರಲ್ಲಿ ಅದರ ಪಾಲೂ ಉಂಟು. ಈ ಇಲಿಗಳಲ್ಲಿ ಇರುವುದು ಈ ಒಂದು ಜಾತಿಯ ವೈರಸ್ಸಿಗೆ ಹೆಚ್ಚು ಗಟ್ಟಿ. ಅದು ಎಂತದು ಅಂತ ನಮಗೆ ಇನ್ನೂ ಗೊತ್ತಿಲ್ಲ.”

“ಮೊದಲೇ ಗೊತ್ತಾಗಿದ್ರೆ ಅವರು ಉಳೀತಿದ್ರಾ?”

“ಔಷಧ ಇಲ್ಲ. ಮಲಗಿಸಿಡ್ತಿದ್ದೆ. ಆಸ್ಪತ್ರೆಯಿಂದ ಬಿಡ್ತಿರಲಿಲ್ಲ.”

“ಮಲಗಿಸಿದ್ರೆ ಉಳೀತಿದ್ರಾ?”

“ಗೊತ್ತಿಲ್ಲ.”

ಸುಮತಿ ಸೆರಗು ಸರಿಮಾಡಿಕೊಂಡಳು. “ಆ ಒಂದು ಮಾತು ಆವತ್ತೇ ಹೇಳಬಹುದಿತ್ತು ನೀವು” ಅಂದಳು. “ಗೊತ್ತಿಲ್ಲ ಅಂತ.”

ಬೈದಿದ್ದರೆ ಒಳ್ಳೆಯದಿತ್ತು. ಮಕ್ಕಳೇ, ನಿಮ್ಮ ಯಂತ್ರ ಎಷ್ಟು ದೊಡ್ಡದಾದರೂ ಈ ಮಾತು ಒಂದು ನಿಮ್ಮ ಬಾಯಲ್ಲಿ ಇರಲಿ. ರೋಗಿ ನಮ್ಮವನಾದರೆ, ಹೆಂಡತಿ ಬಾಗಿಲಲ್ಲಿ ನಿಂತಿದ್ದರೆ, ಇದನ್ನು ಹೇಳುವುದು ಎಷ್ಟು ಕಷ್ಟ ಅಂತ ನಾನು ಬಲ್ಲೆ.

ಆ ಕಂದು ಇಲಿಗಳನ್ನು ಸಾಕಿ, ಅವುಗಳಲ್ಲಿ ಏನುಂಟು ಅಂತ ನೋಡಬೇಕೆಂದು ಡಾಕ್ಟರಿಗೆ ಬಹಳ ಇತ್ತು. ಮೇಲಿನವರು ಒಪ್ಪಲಿಲ್ಲ. ತಳಿಯ ರಕ್ತ ಕೆಟ್ಟ ಇಲಿ ಒಂದೂ ಇರಕೂಡದು, ತಾಯಿ ಸಹಿತ ತೆಗೆಯಿರಿ ಅಂತ ಆಜ್ಞೆ ಬಂತು. ತೆಗೆದದ್ದು ನಾನು. ಒಂದೊಂದಾಗಿ ಈಥರ್ ಜಾಡಿಗೆ ಹಾಕಿದೆ. ಸಂಜೀವನ ವೈರಸ್ಸನ್ನು ಸೋಲಿಸಿದ ಪ್ರಾಣಿಗಳು ನನ್ನ ಕೈಯಲ್ಲಿ ಸತ್ತವು. ಈಗ ಓದಿದವರು ಹೇಳುತ್ತಾರೆ, ಅದು ಕೋಶದ ಒಳಗಿನ ಒಂದು ಪ್ರೋಟೀನ್, ಲ್ಯಾಬಿನ ಬಿಳಿ ಇಲಿಗಳಲ್ಲಿ ಅದು ಅರ್ಧಕ್ಕೇ ನಿಂತುಹೋಗಿರುತ್ತದೆ, ಹೊರಗಿನ ಕೆಲವು ಇಲಿಗಳಲ್ಲಿ ಪೂರ್ತಿ ಇರುತ್ತದೆ ಅಂತ. ಇರಬಹುದು. ನಾವು ವರ್ಷಗಟ್ಟಲೆ ಅಷ್ಟು ಜೋಪಾನದಿಂದ ಸಾಕಿದ್ದು ಆ ಅರ್ಧದವನ್ನು. ಅವು ಸಾಯುತ್ತವೆ ಅಂತಲೇ ಸಾಕಿದ್ದು.

ಭಟ್ಟರು ಆಮೇಲೆ ಹೆಚ್ಚು ವರ್ಷ ನಮ್ಮಲ್ಲಿ ಇರಲಿಲ್ಲ, ಕಾಲೇಜಿಗೆ ಪಾಠ ಹೇಳಲು ಹೋದರು. ನಿಧಾನಕ್ಕೆ ಇಲಿಗಳ ಬದಲು ಗಾಜಿನ ಬಾಟಲಿಯಲ್ಲಿ ಬೆಳೆಸಿದ ಜೀವಕೋಶ ಬಂತು, ಆಮೇಲೆ ಬಣ್ಣ ತಿರುಗುವ ಪ್ಲೇಟು ಬಂತು. ನಾನು ನಿವೃತ್ತನಾಗುವಾಗ ಪ್ರಾಣಿ ಮನೆಯಲ್ಲಿ ಮುರಿದ ಕುರ್ಚಿಗಳನ್ನು ಪೇರಿಸಿದ್ದರು. ಬಾಗಿಲ ಬರಹದ ಮೇಲೆ ಸುಣ್ಣ ಹೊಡೆದಿದ್ದರು.

ಆದರೆ ನಾನು ಹೇಳಬೇಕಾದದ್ದು ಅದಕ್ಕಿಂತ ಎಷ್ಟೋ ಹಿಂದಿನದು, ಸಂಜೀವ ಹೋಗಿ ಒಂದೆರಡು ಮಳೆಗಾಲ ಕಳೆದ ಮೇಲಿನದು. ಸತ್ತ ನೌಕರನ ಹೆಂಡತಿ ಅಂತ ಸುಮತಿಗೆ ನಮ್ಮಲ್ಲೇ ಕೆಲಸ ಸಿಕ್ಕಿತ್ತು. ಬಾಟಲಿ, ಸೂಜಿ ತೊಳೆದು ಕುದಿಸುವ ಕೆಲಸ. ಬೆಳಿಗ್ಗೆ ಬರುತ್ತಿದ್ದಳು, ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದಳು. ಪ್ರಾಣಿ ಮನೆಯ ಕಡೆ ನೋಡುತ್ತಲೂ ಇರಲಿಲ್ಲ. ನಾನೂ ಕರೆಯುತ್ತಿರಲಿಲ್ಲ.

ಒಂದು ದಿನ ನಾನು ಗೂಡು ಬದಲಿಸುವಾಗ ಒಂದು ಇಲಿ ನನ್ನ ಮಣಿಗಂಟಿನ ಮೇಲಿಂದ ಹಾರಿತು. ಬಾಗಿಲು ತೆರೆದಿತ್ತು. ಕೋಣೆಗಳ ನಡುವಿನ ಓಣಿಯ ಉದ್ದಕ್ಕೆ ಓಡಿತು. ನಾನು ಬೊಬ್ಬೆ ಹಾಕಿಕೊಂಡು ಹಿಂದೆ ಓಡಿದೆ. ತೊಳೆಯುವ ಕೋಣೆಯಿಂದ ಸುಮತಿ ಹೊರಗೆ ಬಂದಳು, ಬಗ್ಗಿದಳು, ಕೈಯಲ್ಲಿದ್ದ ಬಟ್ಟೆ ಅದರ ಮೇಲೆ ಹಾಕಿ ಹಿಡಿದಳು. ಒಂದೇ ಸಲಕ್ಕೆ.

ಬಟ್ಟೆ ಬಿಡಿಸಿ ನೋಡಿದಳು. ಹೊಟ್ಟೆ ಉರುಟಾಗಿತ್ತು.

“ಬಸುರಿ” ಅಂದಳು.

ನಾನು ಏದುಸಿರು ಬಿಡುತ್ತಾ ನಿಂತಿದ್ದೆ. ಆ ತಿಂಗಳೂ ಮರಿಗಳಿಗೆ ತತ್ವಾರ ಇತ್ತು. “ಈಗ ತಾನೇ ಹಾರಿದ್ದು ಸುಮತಿ. ಹಾರುವ ಮೊದಲೇ ಬಸುರಿ. ಎಲ್ಲಿಗೂ ಹೋಗ್ಲಿಲ್ಲ, ನಾನು ಹಿಂದೆಯೇ ಇದ್ದೆ.” ನಾನು ಹೇಳಿದ್ದು ಸತ್ಯವೇ. ಆ ಹೊಟ್ಟೆಯಲ್ಲಿ ಇದ್ದದ್ದು ಬಿಳಿ ಮರಿಗಳೇ, ಅನುಮಾನ ಇಲ್ಲ.

ಅವಳು ನನ್ನ ಮುಖ ನೋಡಿದಳು.

“ಓಡಿದ್ದು ಹೌದಲ್ವಾ ಅಣ್ಣ?”

“ಹೌದು.”

ನನ್ನನ್ನು ದಾಟಿ ಪ್ರಾಣಿ ಮನೆಯ ಒಳಗೆ ಹೋದಳು. ಅವತ್ತು ಬಲೆಯ ಈಚೆ ನಿಂತದ್ದು ಬಿಟ್ಟರೆ ಅಲ್ಲಿಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಈಥರ್ ಜಾಡಿ ಎಲ್ಲಿ ಉಂಟು ಅಂತ ಕೇಳಲಿಲ್ಲ, ಅವಳಿಗೆ ಕಂಡಿತು. ಮುಚ್ಚಳ ತೆಗೆದು ಇಲಿಯನ್ನು ಮೆಲ್ಲ ಒಳಗೆ ಬಿಟ್ಟಳು, ಎಸೆಯಲಿಲ್ಲ. ಮುಚ್ಚಳ ಹಾಕಿ ಅದರ ಮೇಲೆ ಅಂಗೈ ಒತ್ತಿ ಹಿಡಿದು, ಒಳಗೆ ಅಲುಗುವುದು ನಿಲ್ಲುವವರೆಗೆ ನೋಡುತ್ತಾ ನಿಂತಳು.

ಆಮೇಲೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

“ಬಾಟ್ಲಿ ಕುದೀಲಿಕ್ಕೆ ಇಟ್ಟಿದ್ದೇನೆ” ಅಂದಳು, ಹೋದಳು.